ಅಮೆರಿಕದ ಬಾಡಿಗೆ ಮನೆ ಮಾರುವ ಮುನ್ನ: 1031ರ ಲೆಕ್ಕಾಚಾರ

ಅಮೆರಿಕದಲ್ಲಿ ಬಾಡಿಗೆ ಮನೆ ಮಾರಲು ಹೊರಟವರಿಗೆ ‘ಟೆನ್ ಥರ್ಟಿ ಒನ್ ಮಾಡಿಬಿಡಿ’ ಎಂಬ ಸಲಹೆ ಸಿಕ್ಕೇ ಸಿಗುತ್ತದೆ. ಅಲ್ಲಿನ ತೆರಿಗೆ ಕಾನೂನಿನ 1031ನೇ ಸೆಕ್ಷನ್ ಪ್ರಕಾರ, ಬಾಡಿಗೆಗೋ ಹೂಡಿಕೆಗೋ ಇಟ್ಟುಕೊಂಡ ಸ್ಥಿರಾಸ್ತಿಯನ್ನು ಅಂಥದ್ದೇ ಇನ್ನೊಂದಕ್ಕೆ ಬದಲಾಯಿಸಿಕೊಂಡರೆ ಲಾಭದ ಮೇಲಿನ ತೆರಿಗೆ ಮುಂದಕ್ಕೆ ಹೋಗುತ್ತದೆ. ಮುಂದಕ್ಕೆ ಹೋಗುತ್ತದೆ ಅಷ್ಟೇ, ಮನ್ನಾ ಆಗುವುದಿಲ್ಲ. ಟೆಕ್ಸಾಸ್‌ನ ಬಾಡಿಗೆ ಮನೆ ಕೊಟ್ಟು ಒಹಾಯೋದ ಖಾಲಿ ಜಮೀನು ಕೊಂಡರೂ ನಡೆಯುತ್ತದೆ. ನಾವೇ ವಾಸವಿರುವ ಮನೆಗೆ ಇದು ಅನ್ವಯಿಸುವುದಿಲ್ಲ.

3 ಲಕ್ಷ ಡಾಲರಿಗೆ ಕೊಂಡ ಮನೆಯ ಮೇಲೆ ಇಷ್ಟು ವರ್ಷ 1 ಲಕ್ಷ ಸವಕಳಿ ತೋರಿಸಿದ್ದೀರಿ, ಈಗ 6 ಲಕ್ಷಕ್ಕೆ ಮಾರುತ್ತಿದ್ದೀರಿ ಅನ್ನಿ. ಸವಕಳಿ ಕಳೆದು ಮನೆಯ ಅಸಲು 2 ಲಕ್ಷಕ್ಕೆ ಇಳಿದಿರುವುದರಿಂದ, ಖರ್ಚು ಬದಿಗಿಟ್ಟರೆ ಲಾಭ 3 ಲಕ್ಷವಲ್ಲ, 4 ಲಕ್ಷ. ಸವಕಳಿಯ ಭಾಗಕ್ಕೆ ಶೇ 25ರವರೆಗೆ, ಉಳಿದದ್ದಕ್ಕೆ ಹೆಚ್ಚಿನವರಿಗೆ ಶೇ 15 ಅಥವಾ 20 ತೆರಿಗೆ. ಆದಾಯ ಜಾಸ್ತಿಯಿದ್ದರೆ ಇನ್ನೂ ಶೇ 3.8, ರಾಜ್ಯದ್ದು ಬೇರೆ. ಇದನ್ನೆಲ್ಲ ಮುಂದೂಡಬೇಕಾದರೆ ಹೊಸ ಆಸ್ತಿಯ ಬೆಲೆ 6 ಲಕ್ಷಕ್ಕೆ ಕಡಿಮೆ ಇರಬಾರದು. ಸಾಲ ತೀರಿಸಿ ಉಳಿದ ಹಣವೆಲ್ಲ ಅದಕ್ಕೇ ಹೋಗಬೇಕು. ಹಳೆಯ ಸಾಲ 2 ಲಕ್ಷವಿದ್ದು, ಒಂದೂವರೆ ಲಕ್ಷದ ಹೊಸ ಸಾಲದಲ್ಲಿ ಐದೂವರೆ ಲಕ್ಷದ ಆಸ್ತಿ ಕೊಂಡರೆ, ಕಮ್ಮಿಯಾದ 50 ಸಾವಿರಕ್ಕೆ ‘ಬೂಟ್’ ಎನ್ನುತ್ತಾರೆ. ಅದಕ್ಕೆ ಈಗಲೇ ತೆರಿಗೆ. ಹಣ ಕೈಗೆ ಬರಲಿಲ್ಲವಲ್ಲ ಎಂದುಕೊಂಡು ಅನೇಕರು ಎಡವುವುದು ಇಲ್ಲಿಯೇ.

ಕ್ಲೋಸಿಂಗ್‌ಗೆ, ಅಂದರೆ ಮಾರಾಟ ಪೂರ್ಣಗೊಳ್ಳುವುದಕ್ಕೆ, ಮುಂಚೆಯೇ ‘ಕ್ವಾಲಿಫೈಡ್ ಇಂಟರ್‌ಮೀಡಿಯರಿ’ ಎಂಬ, ಹಣ ಹಿಡಿದಿಟ್ಟುಕೊಂಡು ವಿನಿಮಯ ನಡೆಸಿಕೊಡುವ ಮಧ್ಯವರ್ತಿಯ ಜೊತೆ ಒಪ್ಪಂದವಾಗಿರಬೇಕು. ಮಾರಿದ ಹಣ ನೇರ ಅವರಲ್ಲಿಗೆ ಹೋಗಬೇಕು. ನಿಮ್ಮ ಖಾತೆಗೆ ಬಂತೆಂದರೆ ವಿನಿಮಯ ಕೆಟ್ಟಂತೆಯೇ. ಹಿಂದಿನ ಎರಡು ವರ್ಷಗಳಲ್ಲಿ ನಿಮ್ಮ ವಕೀಲರೋ ಬ್ರೋಕರೋ ಅಕೌಂಟೆಂಟೋ ಆಗಿದ್ದವರು ಈ ಕೆಲಸ ಮಾಡುವಂತಿಲ್ಲ. ಹಣವನ್ನು ನಿಮ್ಮ ಹೆಸರಿನ ಪ್ರತ್ಯೇಕ ಎಸ್ಕ್ರೋ (ಬೇರೆ ಕೆಲಸಕ್ಕೆ ಬಳಸಲಾಗದ, ಕಾಯ್ದಿಟ್ಟ) ಖಾತೆಯಲ್ಲಿ ಇಡುತ್ತಾರಾ ಎಂದು ಕೇಳಲು ಸಂಕೋಚಪಡಬೇಡಿ. 2008ರಲ್ಲಿ ಇಂಥದ್ದೇ ಮಧ್ಯವರ್ತಿಯಾಗಿದ್ದ ಲ್ಯಾಂಡ್‌ಅಮೆರಿಕ ಸಮೂಹದ ಕಂಪನಿ ದಿವಾಳಿಯಾದಾಗ ಗ್ರಾಹಕರ ಹಣ ಒಳಗೇ ಸಿಕ್ಕಿಕೊಂಡಿತ್ತು.

ಮಾರಿದ ದಿನದಿಂದ 45 ದಿನದೊಳಗೆ ಕೊಳ್ಳಬಯಸುವ ಆಸ್ತಿಗಳ ವಿಳಾಸ ಬರೆದು, ಸಹಿ ಹಾಕಿ ಕೊಡಬೇಕು. ಸಾಮಾನ್ಯವಾಗಿ ಎಲ್ಲರೂ ಮೂರು ಹೆಸರಿಸುತ್ತಾರೆ, ಅದಕ್ಕೆ ಬೆಲೆಯ ಮಿತಿಯಿಲ್ಲ. 45ನೇ ದಿನ ಭಾನುವಾರವಾದರೂ ಸೋಮವಾರಕ್ಕೆ ಹೋಗುವುದಿಲ್ಲ. ಖರೀದಿ ಮುಗಿಸಲು 180 ದಿನ. 45 ಅದರೊಳಗೇ ಸೇರಿದೆ. ನವೆಂಬರಿನಲ್ಲಿ ಮಾರಿದವರು ಇನ್ನೊಂದು ನೆನಪಿಡಿ: ಏಪ್ರಿಲ್ 15ಕ್ಕೆ ರಿಟರ್ನ್ ಸಲ್ಲಿಸಿದರೆ 180 ದಿನ ತುಂಬದಿದ್ದರೂ ಗಡುವು ಅಲ್ಲಿಗೇ ಮುಗಿಯುತ್ತದೆ. ಮೊದಲು ಫಾರ್ಮ್ 4868 ಹಾಕಿ ಸಮಯ ತೆಗೆದುಕೊಳ್ಳಿ. ವಿನಿಮಯದ ವಿವರ ಫಾರ್ಮ್ 8824ರಲ್ಲಿ ಹೋಗುತ್ತದೆ.

ಅಮೆರಿಕದ ಮನೆ ಮಾರಿ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಸೈಟು ಕೊಂಡರೆ ಆಗುವುದಿಲ್ಲವೇ? ಆಗುವುದಿಲ್ಲ. ಅಮೆರಿಕದೊಳಗಿನ ಆಸ್ತಿಗೂ ಹೊರಗಿನ ಆಸ್ತಿಗೂ ನಡುವಿನ ವಿನಿಮಯವನ್ನು ಈ ಕಾನೂನು ಒಪ್ಪುವುದಿಲ್ಲ. ಊರಿಗೆ ಮರಳಿ, ಭಾರತದ ತೆರಿಗೆ ಲೆಕ್ಕದಲ್ಲಿ ಪೂರ್ಣ ನಿವಾಸಿಗಳಾದ ಮೇಲೆ ವಿನಿಮಯ ಮಾಡಿದರಂತೂ ತೊಡಕು ದೊಡ್ಡದು. ಅಮೆರಿಕ ತೆರಿಗೆ ಮುಂದೂಡಿದರೂ ಭಾರತ ಅದನ್ನು ಮಾರಾಟವೆಂದೇ ಕಾಣುತ್ತದೆ. ಲಾಭಕ್ಕೆ ಆ ವರ್ಷವೇ ಇಲ್ಲಿ ತೆರಿಗೆ. ಅಲ್ಲಿ ಇನ್ನೂ ಕಟ್ಟದ ತೆರಿಗೆಯನ್ನು ಇಲ್ಲಿನ ತೆರಿಗೆಯಲ್ಲಿ ಕಳೆಯುವ ಕ್ರೆಡಿಟ್ ಸಿಗುವುದಿಲ್ಲ. ಗಂಟುಮೂಟೆ ಕಟ್ಟುವ ಯೋಚನೆಯಿದ್ದರೆ, ಟಿಕೆಟ್ ಕಾಯ್ದಿರಿಸುವ ಮೊದಲೇ ಎರಡೂ ದೇಶಗಳ ಲೆಕ್ಕ ಬಲ್ಲವರಿಗೆ ಮಾರಾಟದ ತಾರೀಖು ತೋರಿಸಿ.