ನಮ್ಮ ಬೀದಿಯ ಜನಗಣತಿ

ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಶಾಲೆಯಿಂದ ಫೋನ್ ಬಂದಾಗ ಮೊದಲು ನೆನಪಾದದ್ದು ಇನ್ನೂರು ಪುಟದ ಒಂದು ನೋಟ್‌ಬುಕ್. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ 'ಸಕಲೇಶಪುರ: ಭೂಗೋಳ ಮತ್ತು ಜನಸಂಖ್ಯೆ' ಎಂದು ಬರೆದಿದ್ದೆ. ಕೆಳಗೆ ನನ್ನ ಹೆಸರು, 9ನೇ ತರಗತಿ 'ಬಿ', 1991. ಆ ಪುಸ್ತಕ ಈಗಿಲ್ಲ. ಅಟ್ಟದ ಮೇಲೆ ಇಟ್ಟಿದ್ದೆ. ಎರಡು ಮಳೆಗಾಲಕ್ಕೆ ಬೂಸ್ಟು ಹಿಡಿಯಿತು, ಉಳಿದದ್ದನ್ನು ಗೆದ್ದಲು ತಿಂದಿತು. ನಮ್ಮೂರಲ್ಲಿ ಕಾಗದ ಉಳಿಸಿಕೊಳ್ಳುವುದು ಎಷ್ಟು ಕಷ್ಟ ಅಂತ ನಿಮಗೆ ಹೇಳಬೇಕಾಗಿಲ್ಲ, ಅಲ್ವಾ?

ಅದನ್ನು ಬರೆಸಿದವರು ನಮ್ಮ ಸಮಾಜದ ಮೇಷ್ಟ್ರು. ಹೆಸರು ಹಾಕಿದರೆ ಅವರಿಗೆ ಇಷ್ಟವಾಗುವುದಿಲ್ಲ. ಆ ಕಾಲದವರಿಗೆ ಯಾರೆಂದು ಗೊತ್ತೇ ಇರುತ್ತದೆ. ಅರಸೀಕೆರೆ ಕಡೆಯವರು, ಪಕ್ಕಾ ಬಯಲುಸೀಮೆ. ಜೂನ್ ತಿಂಗಳಲ್ಲಿ ವರ್ಗವಾಗಿ ಬಂದರು. ಮೊದಲನೇ ವಾರ ಅವರ ಕೊಡೆ ಮುರಿಯಿತು. ಎರಡನೇ ವಾರ ಕೆಮ್ಮು ಹಿಡಿಯಿತು. ಮೂರನೇ ವಾರ ಹಾಜರಿ ಕೂಗುವುದನ್ನು ನಿಲ್ಲಿಸಿ, ಹೆಂಚಿನ ಮೇಲಿನ ಸದ್ದು ಕೇಳುತ್ತಾ, "ಇದು ಯಾವಾಗ ನಿಲ್ಲುತ್ತ್ರಪ್ಪಾ?" ಅಂದರು. ಹಿಂದಿನ ಬೆಂಚಿನಿಂದ ಯಾರೋ "ಚೌತಿ ಕಳೀಲಿ ಸಾರ್" ಅಂದ. ಮೇಷ್ಟ್ರು ನಗಲಿಲ್ಲ.

ಅವರ ಊರಲ್ಲಿ ವರ್ಷವಿಡೀ ಬೀಳುವಷ್ಟು ಮಳೆ ನಮ್ಮಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿದುಬಿಡುತ್ತದೆ. ಎರಡೂ ಹಾಸನ ಜಿಲ್ಲೆಯೇ. ಸುಮ್ನೆ ಹೇಳಿದರೆ ನಂಬುವ ಮನುಷ್ಯ ಅವರಲ್ಲ. ಹಾರ್ಲಿಕ್ಸ್ ಬಾಟಲಿಗೆ ಲಾಳಿಕೆ ಸಿಕ್ಕಿಸಿ, ಶಾಲೆಯ ಅಂಗಳದಲ್ಲಿ ನೆಟ್ಟು ಅಳೆಯಲು ಶುರುಮಾಡಿದರು. ಆಗ ನಾವು ಅಳತೆ ಹೇಳಿದ್ದು ಕೇಳಿ ಅವರು ಬೆರಗಾದರು. ಕಾಫಿ ತೋಟಗಳಲ್ಲಿ ದಿನಾ ಮಳೆ ಅಳೆದು ಪುಸ್ತಕಕ್ಕೆ ಏರಿಸುತ್ತಾರೆ. ಇಂಚು ಮತ್ತು ಸೆಂಟಿನ ಲೆಕ್ಕ. ಒಂದು ಇಂಚಿಗೆ ನೂರು ಸೆಂಟು. ದಶಾಂಶ ಎಂದರೆ ಬೆಪ್ಪಾಗುವ ಹುಡುಗರೂ "ನಿನ್ನೆ ಎರಡು ಇಂಚು ನಲವತ್ತು ಸೆಂಟು ಸಾರ್" ಎಂದು ಪಟಪಟ ಹೇಳುತ್ತಿದ್ದರು. ಗಣಿತದ ಮೇಷ್ಟ್ರಿಗೂ ಅದು ಹೊಸ ಸುದ್ದಿ.

ಒಂದು ದಿನ ಬೋರ್ಡಿನ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆದರು. ಎಡಕ್ಕೆ ಮಾರನಹಳ್ಳಿ. ಆಮೇಲೆ ದೋಣಿಗಾಲು, ಸಕಲೇಶಪುರ, ಬಾಳ್ಳುಪೇಟೆ, ಪಾಳ್ಯ, ಹಾಸನ. ಬಲತುದಿಗೆ ಅರಸೀಕೆರೆ. ಯಾವ ಊರಲ್ಲಿ ಏನು ಬೆಳೆಯುತ್ತಾರೆ ಹೇಳಿ ಅಂದರು. ಏಲಕ್ಕಿ, ಕಾಫಿ, ಮೆಣಸು, ಭತ್ತ, ಆಲೂಗಡ್ಡೆ, ರಾಗಿ, ತೆಂಗು. ಬಲಕ್ಕೆ ಹೋದಂತೆ ಮಳೆ ಇಳಿಯುತ್ತಿತ್ತು, ಬೆಳೆ ಬದಲಾಗುತ್ತಿತ್ತು, ಮನೆಗಳ ಮಾಡೂ ತಗ್ಗುತ್ತಿತ್ತು. ಎಡಕ್ಕೆ, ಘಟ್ಟದ ಅಂಚಿನ ಕಾಡುಮನೆ ಕಡೆಯ ಅಂಕಿ ನಮ್ಮೂರಿನ ಎರಡು ಪಟ್ಟಿಗೂ ಜಾಸ್ತಿ. ಭೂಗೋಳ ಎಂದರೆ ನನಗೆ ಇವತ್ತಿಗೂ ಆ ಗೆರೆಯೇ.

ಊರಿನ ವಿಷಯ ಹೊಸ ಹುಡುಗರಿಗಾಗಿ ಎರಡು ಮಾತು. ಸಕಲೇಶಪುರ ಇರುವುದು ಹೇಮಾವತಿಯ ದಡದಲ್ಲಿ, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿ. ಬೆಂಗಳೂರಿಗೆ ಸುಮಾರು 220 ಕಿ.ಮೀ., ಮಂಗಳೂರಿಗೆ ಸುಮಾರು 130. ನಡುವೆ ಶಿರಾಡಿ ಘಾಟಿ. ಘಟ್ಟ ಹತ್ತುವವರು ಇಲ್ಲಿ ಉಸಿರು ಬಿಡುತ್ತಾರೆ, ಇಳಿಯುವವರು ಇಲ್ಲಿ ಟೀ ಕುಡಿದು ಬ್ರೇಕ್ ನೋಡಿಕೊಳ್ಳುತ್ತಾರೆ. ಊರು ಬೆಳೆದದ್ದೇ ಹೀಗೆ. ದಾರಿಯ ಮೇಲೆ ಕಣ್ಣಿಡಲು ಟಿಪ್ಪು 1792ರಲ್ಲಿ ದೋಣಿಗಾಲಿನ ಹತ್ತಿರ ಮಂಜರಾಬಾದ್ ಕೋಟೆ ಕಟ್ಟಿಸಿದ. ಎಂಟು ಮೂಲೆಯ ನಕ್ಷತ್ರದಂತಹ ಕೋಟೆ. ಬಿಸಿಲಿದ್ದರೆ ಅಲ್ಲಿಂದ ಸಮುದ್ರ ಕಾಣುತ್ತದೆ ಎನ್ನುತ್ತಾರೆ. ನನಗಂತೂ ಹೋದಾಗಲೆಲ್ಲ ಮಂಜೇ ಕಂಡಿದೆ.

ಆ ಡಿಸೆಂಬರಿನಲ್ಲಿ ಬಿಸಿಲೆ ಕಡೆಗೆ ಕರೆದುಕೊಂಡು ಹೋದರು. ಹೆತ್ತೂರು, ವಣಗೂರು ದಾಟಿ ಕೆಂಪು ಬಸ್ಸಿನಲ್ಲಿ. ಅರ್ಧ ಜನಕ್ಕೆ ವಾಂತಿ. ಮಂಕನಹಳ್ಳಿ ಹತ್ತಿರ ಇಳಿದು ನಡೆದರೆ ಒಂದು ಕಲ್ಲು. ನೋಡಲು ಏನೂ ಇಲ್ಲ, ಮೊಣಕಾಲೆತ್ತರದ ಸಾದಾ ಕಲ್ಲು. ಆದರೆ ಅದರ ಮೇಲೆ ಒಂದು ಕಡೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆ ಅರಬ್ಬೀ ಸಮುದ್ರ ಎಂದು ಇಂಗ್ಲಿಷಿನಲ್ಲಿ ಕೆತ್ತಿದ್ದಾರೆ. ಅಲ್ಲಿ ಬಿದ್ದ ಮಳೆ ಈ ಕಡೆ ಜಾರಿದರೆ ಕಾವೇರಿ ಸೇರಿ ಪೂರ್ವದ ಕಡಲಿಗೆ ಹೋಗುತ್ತದೆ. ಆ ಕಡೆ ಜಾರಿದರೆ ಕುಮಾರಧಾರಾ. ಅದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನಲ್ಲಿ ಕಡಲು ಸೇರುತ್ತದೆ. ನಮ್ಮಲ್ಲೊಬ್ಬ ಬಾಟಲಿ ನೀರನ್ನು ಕಲ್ಲಿನ ನೆತ್ತಿಗೆ ಸುರಿದ. ಇನ್ನಿಬ್ಬರಿಗೆ ನೀರಿಲ್ಲದೆಯೇ ಅದೇ ಪ್ರಯೋಗ ಮಾಡುವ ಯೋಚನೆ ಬಂದು, ಮೇಷ್ಟ್ರ ಕೋಲಿಗೆ ಹೆದರಿ ಕೈಬಿಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲರಿಗೂ ಒಂದೇ ಜಗಳ: ನಮ್ಮ ಮನೆ ಚರಂಡಿ ನೀರು ಯಾವ ಸಮುದ್ರಕ್ಕೆ? ಪೇಟೆಯವರೆಲ್ಲ ಬಂಗಾಳ ಕೊಲ್ಲಿ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲೂಕಿನಲ್ಲಾದರೂ ಅವಳ ದಾರಿ ಗೊರೂರು, ಕನ್ನಂಬಾಡಿ. ಘಾಟಿ ಕೆಳಗಿನಿಂದ ಬರುತ್ತಿದ್ದ ಒಬ್ಬನೇ ಅರಬ್ಬೀ ಸಮುದ್ರ. ಎಸ್‌ಎಸ್‌ಎಲ್‌ಸಿ ಮುಗಿಯುವವರೆಗೂ ಅವನಿಗೆ ಅದೇ ಹೆಸರು ಉಳಿಯಿತು.

ಈಗ ಆ ಪಾಠವೂ ಸ್ವಲ್ಪ ತಿದ್ದಬೇಕಾಗಿದೆ. ನಮ್ಮ ತಾಲೂಕಿನಲ್ಲೇ ಹುಟ್ಟಿ ಪಶ್ಚಿಮಕ್ಕೆ ಹರಿಯುವ ಎತ್ತಿನಹೊಳೆಯ ನೀರನ್ನು ಪಂಪಿನಿಂದ ಎತ್ತಿ ಪೂರ್ವಕ್ಕೆ ತಿರುಗಿಸಿದ್ದಾರೆ. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತ ಶುರುವಾಯಿತು. ಬಯಲುಸೀಮೆಗೆ ಹೋಗುವ ನೀರು. ಕಾಡು ಅಗೆದದ್ದು ನೋಡಿ ನನಗೆ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಹಾರ್ಲಿಕ್ಸ್ ಬಾಟಲಿ ಮುಂದೆ ಬಾಯಿ ಬಿಟ್ಟು ನಿಂತಿದ್ದ ಅರಸೀಕೆರೆ ಮೇಷ್ಟ್ರ ಮುಖವೂ ನೆನಪಾಗುತ್ತದೆ.

ಇನ್ನು ಜನಸಂಖ್ಯೆಗೆ ಬರುತ್ತೇನೆ.

1991ರ ಫೆಬ್ರವರಿ 9ರಿಂದ 28ರವರೆಗೆ ಜನಗಣತಿ. ಮೇಷ್ಟ್ರಿಗೂ ಡ್ಯೂಟಿ ಬಿತ್ತು. ಅವರಿಗೆ ಹಂಚಿದ ಬೀದಿಗಳಲ್ಲಿ ನಮ್ಮದೂ ಒಂದು. ಅವರು ಹೇಗೂ ಎಣಿಸುತ್ತಾರೆ, ನೀವೂ ನಿಮ್ಮ ನಿಮ್ಮ ಬೀದಿ ಎಣಿಸಿ ಎಂದು ನಮಗೂ ಕೆಲಸ ಹಚ್ಚಿದರು. ಮನೆಯಲ್ಲಿ ಎಷ್ಟು ಜನ, ಹುಟ್ಟಿದ ಊರು ಯಾವುದು, ಮನೆಮಾತು ಯಾವುದು, ಇಲ್ಲಿಗೆ ಯಾಕೆ ಬಂದರು. ಕೊನೆಯ ಪ್ರಶ್ನೆಗೆ ಎಲ್ಲ ಕಡೆ ಕಾಫಿ, ಕೆಲವು ಕಡೆ ಬೈಗುಳ ಸಿಕ್ಕಿತು.

ನಮ್ಮ ಬೀದಿಯಲ್ಲಿ ಮೂವತ್ತೊಂದು ಮನೆ. ಏಳು ಮನೆಮಾತು: ಕನ್ನಡ, ತುಳು, ಬ್ಯಾರಿ, ಮಲಯಾಳಂ, ತಮಿಳು, ಉರ್ದು, ಕೊಂಕಣಿ. ದಿನಾ ಅದೇ ಬೀದಿಯಲ್ಲಿ ಗೋಲಿ ಆಡಿದ್ದೆ, ಆದರೆ ಏಳು ಎಂದು ಎಣಿಸಿದ್ದು ಅವತ್ತೇ. ಅದಕ್ಕಿಂತ ಆಶ್ಚರ್ಯ ಇನ್ನೊಂದು. ದೊಡ್ಡವರಲ್ಲಿ ಅರ್ಧಕ್ಕೂ ಜಾಸ್ತಿ ಜನ ಈ ಊರಲ್ಲಿ ಹುಟ್ಟಿದವರಲ್ಲ. ಬಂಟ್ವಾಳ, ಪುತ್ತೂರು, ಕಾಸರಗೋಡು, ತಮಿಳುನಾಡು. ಮಂಜರಾಬಾದ್ ಸೀಮೆಯಲ್ಲಿ 1843ರಲ್ಲಿ ಗ್ರೀನ್ ಎಂಬ ಇಂಗ್ಲಿಷರವನು ಕಾಫಿ ತೋಟ ಮಾಡಿದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ತೋಟಕ್ಕೆ ಆಳು ಬೇಕು, ಆಳಿಗೆ ಅಕ್ಕಿ, ಒಣಮೀನು, ಬಟ್ಟೆ ಬೇಕು. ಒಬ್ಬರ ಹಿಂದೆ ಒಬ್ಬರು ಘಟ್ಟ ಹತ್ತಿದರು. ಘಾಟಿಯಲ್ಲಿ ರೈಲು ದಾರಿ ಹಾಕಲು ಬಂದು, 1979ರಲ್ಲಿ ಕೆಲಸ ಮುಗಿದ ಮೇಲೂ ಇಲ್ಲೇ ನಿಂತ ಎರಡು ಮನೆಯವರೂ ನಮ್ಮ ಬೀದಿಯಲ್ಲಿದ್ದರು. ಐವತ್ತೇಳು ಸುರಂಗ ಇರುವ ದಾರಿ ಅದು. ಅವರಲ್ಲಿ ಒಬ್ಬರು ಸುರಂಗಗಳನ್ನು ನಂಬರಿನಿಂದಲೇ ಗುರುತು ಹೇಳುತ್ತಿದ್ದರು, ನಾವು ಬಸ್‌ಸ್ಟಾಪ್ ಹೇಳಿದ ಹಾಗೆ.

ಗೋಳು ಶುರುವಾದದ್ದು ನಮ್ಮ ಮನೆಯಲ್ಲೇ. ಅಪ್ಪ ಹಾನಬಾಳು ಕಡೆ ಒಂದು ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು. ಸ್ಕೂಲಿಗೆ ಅನುಕೂಲ ಎಂದು ನಾವು ಮೂವರು ಮಕ್ಕಳು, ಅಮ್ಮ ಪೇಟೆಯ ಬಾಡಿಗೆ ಮನೆಯಲ್ಲಿ. ಬಟವಾಡೆ ಮುಗಿಸಿ, ಸಂತೆಯ ಹಿಂದಿನ ರಾತ್ರಿ ಅಪ್ಪ ಬರುತ್ತಿದ್ದರು. ಸಂತೆ ದಿನ ತೋಟಕ್ಕೆ ರಜೆ. ಅವತ್ತು ನಮ್ಮೂರಿನ ಜನಸಂಖ್ಯೆಯೇ ಬೇರೆ. ಸುತ್ತಲಿನ ತೋಟಗಳ ಲೈನ್ ಮನೆಗಳೆಲ್ಲ ಖಾಲಿಯಾಗಿ ಪೇಟೆ ತುಂಬುತ್ತಿತ್ತು. ಸಂಜೆ ಕೊನೆ ಬಸ್ಸಿಗೆ ಎಲ್ಲ ವಾಪಸು, ಅಪ್ಪನೂ ವಾಪಸು. ಕೊಯ್ಲಿನ ಕಾಲದಲ್ಲಂತೂ ಅದಕ್ಕೂ ರಜೆ ಸಿಗುತ್ತಿರಲಿಲ್ಲ. ಆ ಫೆಬ್ರವರಿಯಲ್ಲಿ ರೊಬಸ್ಟಾ ಕೊಯ್ಲು ಎಂದು ಅವರು ಬರಲೇ ಇಲ್ಲ.

ಮೇಷ್ಟ್ರು ಫಾರಂ ಹಿಡಿದು ನಮ್ಮ ಜಗಲಿಯಲ್ಲಿ ಕೂತರು. ಅಮ್ಮ ಅಪ್ಪನ ಹೆಸರು ಹೇಳಿದರು. ಹೆಂಡತಿ ಗಂಡನ ಹೆಸರು ಹೇಳದ ಕಾಲ, ಆದ್ದರಿಂದ ನಾನು ಹೇಳಿದೆ ಎನ್ನುವುದೇ ಸರಿ. ಮೇಷ್ಟ್ರು ಬರೆಯಲಿಲ್ಲ.

"ಅವರು ತೋಟದಲ್ಲಿದ್ದಾರಲ್ಲ. ಅಲ್ಲಿ ಬರೆದಿರ್ತಾರೆ."

"ಮನೆ ಯಜಮಾನರನ್ನೇ ಬಿಟ್ರೆ ಹೆಂಗೆ ಮೇಷ್ಟ್ರೇ?"

"ಎರಡು ಕಡೆ ಬರೆದ್ರೆ ಒಬ್ಬರು ಇಬ್ಬರಾಗ್ತಾರೆ ಕಣಮ್ಮ."

ಅಮ್ಮನಿಗೆ ಅದು ಸರಿ ಕಾಣಲಿಲ್ಲ. ಅವತ್ತು ಮೇಷ್ಟ್ರಿಗೆ ಕೊಟ್ಟ ಕಾಫಿಗೆ ಸಕ್ಕರೆ ಕಡಿಮೆ ಇತ್ತು ಎಂದು ಈಗಲೂ ನನ್ನ ಅನುಮಾನ. ನನ್ನ ನೋಟ್‌ಬುಕ್ಕಿನಲ್ಲೂ ಅಪ್ಪನ ಹೆಸರಿನ ಮೇಲೆ ಕೆಂಪು ಗೀಟು ಬಿತ್ತು.

28ನೇ ತಾರೀಖು ರಾತ್ರಿ ಮನೆ ಇಲ್ಲದವರ ಎಣಿಕೆ. ನಾವೂ ಬರುತ್ತೇವೆ ಎಂದು ಗೋಗರೆದೆವು, ಸೇರಿಸಲಿಲ್ಲ. ಮಾರನೇ ದಿನ ಪಾಠ ಬಿಟ್ಟು ಅದನ್ನೇ ಹೇಳಿದರು. ಟಾರ್ಚು ಹಿಡಿದು ಬಸ್‌ಸ್ಟಾಂಡು, ರೈಲ್ವೆ ಸ್ಟೇಷನ್, ಅಂಗಡಿ ಜಗಲಿಗಳನ್ನು ಸುತ್ತಿದ್ದರಂತೆ. ಮುದುಕನೊಬ್ಬ ಎದ್ದು ಕೂತು, "ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೋಗ್ತೀನಿ ಸ್ವಾಮಿ, ಬರೀಬೇಡಿ" ಎಂದು ಕೈಮುಗಿದನಂತೆ. ಓಡಿಸಲು ಬಂದಿದ್ದಾರೆ ಎಂದುಕೊಂಡಿದ್ದ. ಮೇಷ್ಟ್ರು ಪಕ್ಕದಲ್ಲಿ ಕೂತು ಬೀಡಿ ಹಚ್ಚಿಕೊಟ್ಟು ಬರೆದುಕೊಂಡರು. "ಬಿ.ಎಂ. ರಸ್ತೆಯಲ್ಲಿ ನಿಂತಿರೋ ಲಾರಿಯವರು ಸಾರ್?" ಎಂದು ಅರಬ್ಬೀ ಸಮುದ್ರ ಕೇಳಿದ. "ಅವರಿಗೆ ಮನೆ ಇದೆ ಕಣೋ. ಅಲ್ಲೇ ಎಣಿಸಿರ್ತಾರೆ" ಅಂದರು. ಮನೆ ಇದ್ದರೆ ಎಲ್ಲಿ ಮಲಗಿದರೂ ಮನೆ ಲೆಕ್ಕಕ್ಕೆ. ಹಾಗಾದರೆ ನಮ್ಮಪ್ಪ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಮುಂದಿನದು ನಿಮಗೆಲ್ಲ ಗೊತ್ತಿರುವ ಕಥೆ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ರೇಟು ಏರಿತು, ಊರಲ್ಲಿ ಹೊಸ ಜೀಪು ಬಂದವು. 2001ರ ಹೊತ್ತಿಗೆ ಕುಸಿದುಬಿತ್ತು. ಅರೇಬಿಕಾಕ್ಕೆ ಕಾಂಡಕೊರಕ. 1996ರಲ್ಲಿ ಮೀಟರ್ ಗೇಜ್ ಕಿತ್ತು ರೈಲೂ ನಿಂತಿತ್ತು. ಗೂಡ್ಸ್ ಗಾಡಿ ಮತ್ತೆ ಓಡಿದ್ದು 2006ರಲ್ಲಿ. ಆ ಹತ್ತು ವರ್ಷದಲ್ಲಿ ನಮ್ಮ ಬ್ಯಾಚು ಖಾಲಿ. ಕೆಲವರು ಬೆಂಗಳೂರು, ಕೆಲವರು ಮಂಗಳೂರು, ಅಲ್ಲಿಂದ ಗಲ್ಫ್. ನಲವತ್ತೆರಡು ಜನರಲ್ಲಿ ಊರಲ್ಲಿ ಉಳಿದವರು ಒಂಬತ್ತು.

2011ರ ಗಣತಿಯಲ್ಲಿ ಪೇಟೆಯ ಜನಸಂಖ್ಯೆ 23,352. ಆ ಹತ್ತು ವರ್ಷದಲ್ಲಿ ರಾಜ್ಯ ಬೆಳೆದದ್ದು ಶೇ. 15ಕ್ಕೂ ಜಾಸ್ತಿ, ಹಾಸನ ಜಿಲ್ಲೆ ಶೇ. 3ರ ಆಸುಪಾಸು ಅಷ್ಟೇ. ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1,010 ಹೆಂಗಸರು. ದುಡಿಯಲು ಹೊರಗೆ ಹೋದ ಗಂಡಸರದೂ ಅದರಲ್ಲಿ ಪಾಲಿದೆ ಎಂದು ನನ್ನ ಲೆಕ್ಕ. ಹಾಗೆಂದು ಪೇಟೆ ಬಿಕೋ ಎನ್ನುತ್ತಿಲ್ಲ. ಸಂತೆಯಲ್ಲಿ ಈಗ ಅಸ್ಸಾಮಿನವರು, ಬಂಗಾಳದವರು. ಕೊಯ್ಲಿಗೆ ಅವರಿಲ್ಲದಿದ್ದರೆ ಹಣ್ಣು ಗಿಡದಲ್ಲೇ ಒಣಗುತ್ತದೆ. ಶುಕ್ರವಾರ ರಾತ್ರಿಯಾದರೆ ಬೆಂಗಳೂರಿನ ಕಾರುಗಳು ಹೋಮ್‌ಸ್ಟೇ ಹುಡುಕುತ್ತಾ ಬರುತ್ತವೆ. ನಮ್ಮ ಬೀದಿಯಲ್ಲಿ ಈಗ ಎಣಿಸಿದರೆ ಮನೆಮಾತು ಒಂಬತ್ತೋ ಹತ್ತೋ ಆದೀತು. ಗೋಲಿ ಆಡುವ ಹುಡುಗರು ಮಾತ್ರ ಇಬ್ಬರೇ.

ಹೋದ ವರ್ಷ ದಸರೆಗೆ ಊರಿಗೆ ಹೋಗಿದ್ದೆ. ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಯುತ್ತಿತ್ತು. ಮೊಬೈಲ್ ಹಿಡಿದು ಒಬ್ಬ ಟೀಚರ್ ಬಂದರು, ಸಣ್ಣ ವಯಸ್ಸಿನ ಹುಡುಗಿ. ನೆಟ್‌ವರ್ಕ್ ಸಿಗದೆ ಜಗಲಿಯಿಂದ ಅಂಗಳಕ್ಕೆ, ಅಂಗಳದಿಂದ ಬಾವಿಕಟ್ಟೆಗೆ ಓಡಾಡುತ್ತಿದ್ದರು. ಅಪ್ಪ ಆರಾಮ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದರು. ರಿಟೈರಾದ ಮೇಲೆ ದಿನವಿಡೀ ಮನೆಯಲ್ಲೇ.

"ಮನೇಲಿ ಎಷ್ಟು ಜನ ಅಮ್ಮಾ?"

"ಐದು" ಅಂದರು ಅಮ್ಮ.

ನಾನು ಬೆಂಗಳೂರು, ತಂಗಿ ಮೈಸೂರು, ತಮ್ಮ ದುಬೈ. ಇಬ್ಬರೇ ಇರೋದು ಎಂದು ನಾನು ತಿದ್ದಿದೆ. ಟೀಚರ್ ನಗುತ್ತಾ ಮತ್ತೆ ಬಾವಿಕಟ್ಟೆ ಕಡೆ ನಡೆದರು. ಅಮ್ಮ ಅವರ ಹಿಂದೆಯೇ ಹೋಗಿ ಪಕ್ಕದಲ್ಲಿ ನಿಂತು ಮೊಬೈಲಿನೊಳಗೆ ಇಣುಕಿದರು.

"ಮೊದಲು ಇವರ ಅಪ್ಪನ ಹೆಸರು ಬರ್ಕೊಳಮ್ಮ. ಹೋದ ಸಲ ಬಿಟ್ಟಿದ್ರು."