ಹಿತ್ತಲ ಗೇಟು: ಚೌಕಟ್ಟಿಗೆ ಮೊದಲು ಹೆಲ್ಮೆಟ್

ಹಿತ್ತಲ ಗೇಟನ್ನು ನಾನೇ ವೆಲ್ಡ್ ಮಾಡುತ್ತಿದ್ದೇನೆ. ಪೈಪುಗಳನ್ನು ಕತ್ತರಿಸಿ, ಮೂಲೆಗಳನ್ನು 45 ಡಿಗ್ರಿಗೆ ಉಜ್ಜಿ ಇಟ್ಟಾಗಿದೆ. ಒಂದೂವರೆ ಇಂಚಿನ ಚೌಕ ಪೈಪು, 16 ಗೇಜ್, ದಪ್ಪ ಸುಮಾರು 1.6 ಮಿ.ಮೀ. ಇದಕ್ಕೆ 2.5 ಮಿ.ಮೀ.ನ 6013 ಎಂಬ ವೆಲ್ಡಿಂಗ್ ರಾಡ್ ಸಾಕು. ಅಂಗಡಿಯಲ್ಲಿ 12 ಗೇಜ್ ರಾಡ್ ಎಂದರೆ ಇದನ್ನೇ ಕೊಡುತ್ತಾರೆ. ಆಂಪಿಯರ್ 70ರ ಆಸುಪಾಸು. ಇಷ್ಟು ತೆಳುವಾದ ಪೈಪಿನಲ್ಲಿ ಉದ್ದಕ್ಕೆ ಎಳೆಯಲು ಹೋದರೆ ತೂತು ಬೀಳುತ್ತದೆ. ಹಾಗಾಗಿ ಟ್ಯಾಕ್ (ಚುಕ್ಕಿಯಂಥ ಗಿಡ್ಡ ವೆಲ್ಡ್) ಮೇಲೆ ಟ್ಯಾಕ್ ಹಾಕಿಯೇ ಕೂಡಿಸಬೇಕು. ಹೊಸ ವೆಲ್ಡಿಂಗ್ ಹೆಲ್ಮೆಟ್ ಹುಡುಕಲು ಹೊರಟದ್ದು ಈ ಟ್ಯಾಕ್‌ಗಳ ದೆಸೆಯಿಂದಲೇ.

ಕೈಯಲ್ಲಿ ಹಿಡಿಯುವ ಕರಿ ಗಾಜಿನ ಶೀಲ್ಡ್‌ಗೆ ಒಂದು ಕೈ ಮೀಸಲು. ಪೈಪನ್ನು ಮೂಲೆಮಟ್ಟಕ್ಕೆ ಒತ್ತಿ ಹಿಡಿಯುವವರು ಯಾರು? ತಲೆಗೆ ಹಾಕುವ ಹಳೆಯ ಹೆಲ್ಮೆಟ್ಟಾದರೆ ಕೈಗೆ ಬಿಡುವು ಸಿಗುತ್ತದೆ, ಆದರೆ ಕತ್ತು ಕೊಡವಿ ಅದನ್ನು ಮುಖಕ್ಕೆ ಇಳಿಸುವ ಹೊತ್ತಿಗೆ ರಾಡಿನ ತುದಿ ಗೆರೆ ಬಿಟ್ಟು ಸರಿದಿರುತ್ತದೆ. ನಮ್ಮ ಬೀದಿಯ ವೆಲ್ಡಿಂಗ್ ಅಂಗಡಿಯವರನ್ನು ಕೇಳಿದೆ. “ಟ್ಯಾಕ್‌ಗೆಲ್ಲ ಗಾಜು ಯಾಕೆ ಸರ್, ಕಣ್ಣು ಮುಚ್ಚಿಕೊಂಡರೆ ಆಯಿತು” ಎಂದರು. ರಾತ್ರಿ ಕಣ್ಣಿಗೆ ಮರಳು ಎರಚಿದಂತಾಗಿ, ಆಲೂಗಡ್ಡೆ ಹೋಳು ಇಟ್ಟುಕೊಂಡು ಮಲಗುವವರೂ ಇವರೇ. ಅತಿನೇರಳೆ ಕಿರಣದ ಪೆಟ್ಟು ಬಿದ್ದಾಗ ತಿಳಿಯುವುದಿಲ್ಲ; ಕೆಲವು ಗಂಟೆ ಕಳೆದ ಮೇಲೆ ಉರಿ ಏಳುತ್ತದೆ.

ಹೀಗಾಗಿ ವೆಲ್ಡಿಂಗ್ ಬೆಳಕು ಬಿದ್ದೊಡನೆ ಗಾಜು ತಾನಾಗಿ ಕಪ್ಪಾಗುವ ಹೆಲ್ಮೆಟ್ಟೇ ಬೇಕೆಂದಾಯಿತು. ಇದು ಹೊಸ ಸಂಗತಿಯೇನಲ್ಲ. ಸ್ವೀಡನ್ನಿನ ಹೋರ್ನೆಲ್ ಸಂಸ್ಥೆ 1981ರಲ್ಲೇ ಸ್ಪೀಡ್‌ಗ್ಲಾಸ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತ್ತು. ಇದರ ಬಗ್ಗೆ ಹಲವರಿಗೆ ಒಂದು ಹೆದರಿಕೆ ಇದೆ: ಬ್ಯಾಟರಿ ಕೈಕೊಟ್ಟರೆ ಕಣ್ಣು ಹೋದಂತೆಯೇ ಎಂದು. ಅತಿನೇರಳೆ ಮತ್ತು ಅತಿಕೆಂಪು ಕಿರಣಗಳನ್ನು ತಡೆಯುವುದು ಮುಂದಿನ ಲೇಪನವಿರುವ ಗಾಜು. ಅದಕ್ಕೆ ಬ್ಯಾಟರಿಯ ಹಂಗಿಲ್ಲ, ಕಪ್ಪಾಗಲಿ ಬಿಡಲಿ ಅದರ ಕೆಲಸ ನಡೆದೇ ಇರುತ್ತದೆ. ಬೆಳಕನ್ನು ಕಡಿಮೆ ಮಾಡುವುದಷ್ಟೇ ಅದರ ಹಿಂದಿನ ದ್ರವಸ್ಫಟಿಕ ಪದರದ ಪಾಲು. ಅದು ಕೆಲಸ ಮಾಡದಿದ್ದರೆ ಕಣ್ಣು ಕೋರೈಸುತ್ತದೆ, ಕೂಡಲೇ ಕೈ ನಿಲ್ಲಿಸಬೇಕು. ಗಾಜು ಅಸಲಿಯಾಗಿದ್ದರೆ ಮಾತ್ರ ಈ ಮಾತು.

ಅಸಲಿಯೋ ಅಲ್ಲವೋ ನೋಡಲೆಂದೇ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಗೆ ಹೋಗಿ ಹೆಲ್ಮೆಟ್ಟುಗಳನ್ನು ಕೈಗೆತ್ತಿಕೊಂಡು ನೋಡಿದೆ. ಎಲ್ಲ ಅಂಗಡಿಯವರೂ ಮೊದಲು ತೋರಿಸುವುದು ಡಬ್ಬದ ಮೇಲಿನ 1/25,000 ಸೆಕೆಂಡ್ ಎಂಬ ಅಂಕಿ, ಅಂದರೆ ಗಾಜು ಕಪ್ಪಾಗಲು ಹಿಡಿಯುವ ಹೊತ್ತು. ಅಗ್ಗದ ಹೆಲ್ಮೆಟ್ಟಿನ ಮೇಲೂ ಅದೇ ಅಂಕಿ ಇರುವಾಗ ಅದರಿಂದ ಆರಿಸುವುದು ಹೇಗೆ? ನೋಡಬೇಕಾದದ್ದು ಕಪ್ಪಾಗುವ ಗಾಜಿನ, ಅಂದರೆ ಫಿಲ್ಟರಿನ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿರುವ ಗುರುತು. ನಾನು ತಂದದ್ದರಲ್ಲಿ 4/9-13 ಎಂದು ಶುರುವಾಗಿ, ತಯಾರಕರ ಸಂಕೇತದ ನಂತರ 1/1/1/2/379 ಎಂದಿದೆ. 4 ಎಂದರೆ ಆರ್ಕ್ (ರಾಡಿನ ತುದಿಯ ವಿದ್ಯುತ್ ಕಿಡಿ) ಇಲ್ಲದಾಗಿನ ಛಾಯೆ, ಅಂದರೆ ಗಾಜಿನ ಕಪ್ಪಿನ ಮಟ್ಟ; 9ರಿಂದ 13 ಕಪ್ಪಾದಾಗಿನದು. ಮುಂದಿನ ನಾಲ್ಕು ಅಂಕಿಗಳು ಕ್ರಮವಾಗಿ ನೋಟದ ಸ್ಪಷ್ಟತೆ, ಬೆಳಕಿನ ಚದುರುವಿಕೆ, ಗಾಜಿನುದ್ದಕ್ಕೂ ಛಾಯೆ ಒಂದೇ ಸಮ ಇದೆಯೇ ಎಂಬುದು, ಓರೆಯಾಗಿ ನೋಡಿದಾಗ ಎಷ್ಟು ಬದಲಾಗುತ್ತದೆ ಎಂಬುದು. 1 ಅತ್ಯುತ್ತಮ, 3 ಕೆಳಗಿನದು. 379 ಎಂಬುದು ಯುರೋಪಿನ ಹಿಂದಿನ ಮಾನದಂಡದ (EN 379) ಸಂಖ್ಯೆ. ಈ ಸಾಲೇ ಇಲ್ಲದ ಹೆಲ್ಮೆಟ್ಟನ್ನು ಅಲ್ಲೇ ಬಿಟ್ಟು ಬಂದೆ, ಬೆಲೆ ಎಷ್ಟೇ ಇಳಿದರೂ.

ನಾಲ್ಕನೆಯ ಅಂಕಿ ಗೇಟು ಮಾಡುವವರಿಗೆ ಮುಖ್ಯ. ಕೆಳಗಿನ ಮೂಲೆಗೆ ಬಗ್ಗಿ ಓರೆಗಣ್ಣಿನಲ್ಲಿ ನೋಡುವಾಗ 3 ಇದ್ದರೆ ಗಾಜಿನ ಒಂದು ಬದಿ ಮಸುಕು, ಇನ್ನೊಂದು ಬದಿ ಕಗ್ಗಪ್ಪು.

ಆರ್ಕ್‌ನ ಬೆಳಕನ್ನು ಗುರುತಿಸುವ ಸೆನ್ಸರ್‌ಗಳ ಮಾತೂ ಹಾಗೆಯೇ. ಎರಡು ಸೆನ್ಸರ್‌ಗಳಿರುವುದು ಮೇಜಿನ ಮೇಲಿನ ಕೆಲಸಕ್ಕೆ ಸಾಕು. ಗೇಟಿನಲ್ಲಿ ಆರ್ಕ್‌ಗೂ ಹೆಲ್ಮೆಟ್ಟಿಗೂ ನಡುವೆ ಒಂದು ಪೈಪು ಅಡ್ಡ ಬಂದರೆ ಎರಡೂ ಮರೆಯಾಗಿ, ವೆಲ್ಡ್ ನಡೆಯುತ್ತಿರುವಾಗಲೇ ಗಾಜು ತಿಳಿಯಾಗಬಹುದು. ಅದಕ್ಕೇ ನಾಲ್ಕು ಸೆನ್ಸರ್‌ಗಳಿರುವುದನ್ನು ತಂದೆ. ನೋಟದ ಕಿಂಡಿ ದೊಡ್ಡದು, 100 × 60 ಮಿ.ಮೀ.; ಸಾಮಾನ್ಯವಾಗಿ ಸಿಗುವುದು 92 × 42. ತೂಕ ಅರ್ಧ ಕಿಲೋದ ಹತ್ತಿರ. ಅದಕ್ಕಿಂತ ಭಾರವಾದರೆ ಸಂಜೆಗೆ ಕತ್ತು ದೂರು ಹೇಳುತ್ತದೆ.

ಚೌಕಟ್ಟಿನ ಮೂಲೆಗಳಿಗೆ ಟ್ಯಾಕ್ ಮುಗಿದಿದೆ. ಛಾಯೆ 10 ಈ ಆಂಪಿಯರ್‌ಗೆ ಸರಿಯಾಗಿದೆ. ಕರಗಿದ ಲೋಹ ಹೊಳೆಯುತ್ತಾ ಮುಂದೆ, ಸ್ಲ್ಯಾಗ್ (ರಾಡಿನ ಲೇಪ ಕರಗಿ ಬರುವ ಕಿಟ್ಟ) ಮಂಕಾದ ಕಿತ್ತಳೆ ಪೊರೆಯಾಗಿ ಹಿಂದೆ: ಎರಡೂ ಬೇರೆ ಬೇರೆಯಾಗಿ ಕಾಣುತ್ತವೆ. ಹಳೆಯ ಹಸಿರು ಗಾಜಿನಲ್ಲಿ ಇವೆರಡೂ ಒಂದೇ ಬಣ್ಣವಾಗಿದ್ದವು. ಗಾಜು ಮತ್ತೆ ತಿಳಿಯಾಗುವ ವಿಳಂಬವನ್ನು ಟ್ಯಾಕ್‌ಗೆಂದು ಕಡಿಮೆ ಇಟ್ಟಿದ್ದೇನೆ. ಮಧ್ಯಾಹ್ನದ ಬಿಸಿಲು ಓರೆಯಾಗಿ ಬಿದ್ದಾಗ ರಾಡ್ ತಾಗಿಸುವ ಮೊದಲೇ ಗಾಜು ಕಪ್ಪಾಗುತ್ತಿತ್ತು. ಸೂಕ್ಷ್ಮತೆಯ ಗುಂಡಿಯನ್ನು ಸ್ವಲ್ಪ ಇಳಿಸಿದ ಮೇಲೆ ಸರಿಹೋಯಿತು. ಬೆನ್ನಿಗೆ ಬಿಸಿಲು ಬಿದ್ದರೆ ಹೆಲ್ಮೆಟ್ಟಿನ ಒಳಗಡೆಯಿಂದಲೇ ಬೆಳಕು ಗಾಜಿಗೆ ಬಡಿದು ಏನೂ ಕಾಣುವುದಿಲ್ಲ. ಅದಕ್ಕೆ ಯಾವ ಗುಂಡಿಯೂ ಇಲ್ಲ, ಹಳೆಯ ಟವೆಲ್ ಒಂದನ್ನು ತಲೆಯ ಹಿಂದಿನಿಂದ ಇಳಿಬಿಟ್ಟಿದ್ದೇನೆ.

ಗ್ರೈಂಡರ್ ಹಿಡಿಯುವಾಗ ಕಪ್ಪಾಗದಂತೆ ಮಾಡುವ ಗುಂಡಿ ಹೊರಗಿದೆ, ಕೈಗವಸಿನಲ್ಲೇ ಒತ್ತಬಹುದು. ಅನುಕೂಲವೇನೋ ಹೌದು, ಆದರೆ ಅದೇ ಸ್ಥಿತಿಯಲ್ಲಿ ಬಿಟ್ಟು ರಾಡ್ ತಾಗಿಸಿದರೆ ಗಾಜು ತಿಳಿಯಾಗಿಯೇ ಉಳಿಯುತ್ತದೆ. ಹಾಗಾಗಿ ಪ್ರತಿ ಸಲ ಶುರು ಮಾಡುವ ಮೊದಲು ಹೆಲ್ಮೆಟ್ಟನ್ನು ಸೂರ್ಯನ ಕಡೆಗೆ ಹಿಡಿದು, ಗಾಜು ಕಪ್ಪಾಗುವುದನ್ನು ನೋಡಿಯೇ ತಲೆಗೆ ಹಾಕಿಕೊಳ್ಳುತ್ತೇನೆ. ಓದಲು ಕನ್ನಡಕ ಬೇಕಾಗುವ ವಯಸ್ಸಿನವರಿಗೆ ಇನ್ನೊಂದು ಮಾತು: ಒಳಗೆ ಭೂತಗಾಜು ಸಿಕ್ಕಿಸಲು ಜಾಗವಿದೆಯೇ ನೋಡಿ ಕೊಳ್ಳಿ. 1.5 ಪವರಿನದು ಹಾಕಿದ ಮೇಲೆ ಗೆರೆ ಹುಡುಕುವ ತಾಪತ್ರಯ ನನಗೆ ತಪ್ಪಿದೆ.

ಕಿಡಿ ಸಿಡಿದು ಹೊರಗಿನ ಪ್ಲಾಸ್ಟಿಕ್ ಹಾಳೆಯಲ್ಲಿ ಆಗಲೇ ಚುಕ್ಕಿಗಳು ಎದ್ದಿವೆ. ಬದಲಿ ಹಾಳೆಗಳು ಸಿಗುವ ಅಳತೆಯದೇ ಆದ್ದರಿಂದ ಒಂದು ಕಟ್ಟು ತಂದಿಟ್ಟಿದ್ದೇನೆ. ಚೌಕಟ್ಟಿನ ಕರ್ಣಗಳ ಅಳತೆ ಎರಡೂ ಕಡೆ ತಾಳೆಯಾಗಿದೆ. ಇನ್ನು ಅಡ್ಡಪಟ್ಟಿ, ಕೀಲು, ರೆಡ್ ಆಕ್ಸೈಡ್ ಬಾಕಿ.