ರೂಟ್ 66ರ ಡೈನರ್‌ಗಳು: ಯಾವಾಗ ಹೋಗಬೇಕು, ಎಲ್ಲಿ ಕೂರಬೇಕು, ಏನು ಕೇಳಬೇಕು

ಅಮೆರಿಕದ ರೂಟ್ 66ರಲ್ಲಿ ಕಾರು ಓಡಿಸಿಕೊಂಡು ಹೋಗುವ ಯೋಚನೆ ಇದ್ದರೆ, ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನುವುದಕ್ಕಿಂತ ಮೊದಲು ಬೆಳಗ್ಗೆ ಎಲ್ಲಿ ತಿಂಡಿ ತಿನ್ನುತ್ತೀರಿ ಅನ್ನುವುದನ್ನು ಗೊತ್ತು ಮಾಡಿಕೊಳ್ಳಿ. ಈ ದಾರಿಯ ಜೀವ ಇರುವುದು ಹಳೇ ಡೈನರ್‌ಗಳಲ್ಲಿ, ಅಂದರೆ ದಾರಿಬದಿಯ ಸಾದಾ ತಿಂಡಿ ಹೋಟೆಲ್‌ಗಳಲ್ಲಿ. ಅವುಗಳಲ್ಲಿ ಎಷ್ಟೋ ಬೆಳಗ್ಗೆ ಆರೇಳು ಗಂಟೆಗೆ ಬಾಗಿಲು ತೆಗೆದು ಮಧ್ಯಾಹ್ನ ಎರಡರ ಹೊತ್ತಿಗೆ ಮುಚ್ಚಿಬಿಡುತ್ತವೆ. ಸಂಜೆ ನೋಡೋಣ ಅಂದುಕೊಂಡರೆ ಕೊನೆಗೆ ಸಿಗುವುದು ಪೆಟ್ರೋಲ್ ಬಂಕ್ ಪಕ್ಕದ ಬರ್ಗರ್ ಅಂಗಡಿ. ಹಾಗಾಗಿ ದಿನದ ಪ್ರಯಾಣವನ್ನು ಡೈನರ್ ಗಡಿಯಾರಕ್ಕೆ ಹೊಂದಿಸಿಕೊಳ್ಳಿ. ನಾನು, ನನ್ನ ಹೆಂಡತಿ, ಅಮ್ಮ ಮೂವರೂ ಹಾಗೇ ಮಾಡಿದೆವು. ಪ್ರವಾಸ ಚೆನ್ನಾಗಾಗಿದ್ದು ಅದರಿಂದಲೇ.

ದಾರಿಯ ಬಗ್ಗೆ ಸ್ವಲ್ಪ ತಿಳಿದಿದ್ದರೆ ಒಳ್ಳೆಯದು. 1926ರಲ್ಲಿ ಶುರುವಾದ ಈ ಹೆದ್ದಾರಿ ಶಿಕಾಗೊದಿಂದ ಕ್ಯಾಲಿಫೋರ್ನಿಯಾದ ಸ್ಯಾಂಟಾ ಮೋನಿಕಾವರೆಗೆ, ಎಂಟು ರಾಜ್ಯ ದಾಟಿ ಹೋಗುತ್ತದೆ. ಒಟ್ಟು ಸುಮಾರು 3,900 ಕಿಲೋಮೀಟರ್. 1956ರ ಹೆದ್ದಾರಿ ಕಾನೂನು ಬಂದಮೇಲೆ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಅಗಲವಾದ ಇಂಟರ್‌ಸ್ಟೇಟ್ ರಸ್ತೆಗಳು ಎದ್ದವು. ಅವು ಊರೊಳಗೆ ಹೋಗದೆ ಪಕ್ಕದಲ್ಲೇ ಹಾದುಹೋದವು. 1985ರಲ್ಲಿ ರೂಟ್ 66 ಅಧಿಕೃತ ಹೆದ್ದಾರಿಗಳ ಪಟ್ಟಿಯಿಂದಲೇ ಹೊರಬಿತ್ತು. ದಾರಿಹೋಕರನ್ನು ನಂಬಿಕೊಂಡಿದ್ದ ಎಷ್ಟೋ ಹೋಟೆಲ್‌ಗಳು ಬಾಗಿಲು ಹಾಕಿದ್ದು ಆಗಲೇ. ಉಳಿದಿರುವವು ಹಟ ಹಿಡಿದು ಉಳಿದಿವೆ. ಅದಕ್ಕೇ ಅಲ್ಲಿ ಕೂತು ತಿನ್ನುವುದು ನನಗೆ ಮುಖ್ಯ ಅನ್ನಿಸುತ್ತದೆ.

ಫೋನಿನ ಮ್ಯಾಪ್‌ನಲ್ಲಿ ಮುಂದಿನ ದೊಡ್ಡ ಊರಿನ ಹೆಸರು ಹಾಕಬೇಡಿ. ಅದು ನಿಮ್ಮನ್ನು ಸೀದಾ ಇಂಟರ್‌ಸ್ಟೇಟ್ 44 ಅಥವಾ 40ಕ್ಕೆ ಹತ್ತಿಸುತ್ತದೆ, ಡೈನರ್ ಇರುವ ಊರು ಪಕ್ಕದಲ್ಲೇ ಹೋದರೂ ಕಾಣುವುದಿಲ್ಲ. ಡೈನರ್‌ನ ವಿಳಾಸವನ್ನೇ ಹಾಕಿ. 'ಬಿಸಿನೆಸ್ ಲೂಪ್' ಅಂತ ಬರೆದ ಎಕ್ಸಿಟ್ ಕಂಡರೆ ಇಳಿಯಿರಿ. ಅದು ಬಹಳ ಸಲ ಹಳೇ ಊರಿನ ನಡುಬೀದಿಗೇ ಒಯ್ಯುತ್ತದೆ. 'ಹಿಸ್ಟಾರಿಕ್ ರೂಟ್ 66' ಅನ್ನುವ ಕಂದು ಬಣ್ಣದ ಫಲಕಗಳ ಮೇಲೂ ಒಂದು ಕಣ್ಣಿರಲಿ.

ಇನ್ನೊಂದು ಮಾತು. ಫೋಟೋಗಳಲ್ಲಿ ಕಾಣುವ, ರೈಲು ಡಬ್ಬಿ ಥರ ಉದ್ದಕ್ಕೆ ಹೊಳೆಯುವ ಉಕ್ಕಿನ ಡೈನರ್ ಈ ದಾರಿಯಲ್ಲಿ ಜಾಸ್ತಿ ಸಿಗುವುದಿಲ್ಲ. ಅದರ ತವರು ಪೂರ್ವದ ರಾಜ್ಯಗಳು. ರೋಡ್ ಐಲೆಂಡ್‌ನ ಪ್ರಾವಿಡೆನ್ಸ್‌ನಲ್ಲಿ ವಾಲ್ಟರ್ ಸ್ಕಾಟ್ ಅನ್ನುವವರು 1872ರಲ್ಲಿ ಕುದುರೆ ಗಾಡಿಯಲ್ಲಿಟ್ಟು ರಾತ್ರಿ ಪಾಳಿಯವರಿಗೆ ತಿಂಡಿ ಮಾರುತ್ತಿದ್ದರು. ಡೈನರ್ ಕಥೆ ಶುರುವಾಗುವುದು ಅಲ್ಲಿಂದ. ಮುಂದೆ ನ್ಯೂಜೆರ್ಸಿ, ಮಸಾಚುಸೆಟ್ಸ್ ಕಾರ್ಖಾನೆಗಳಲ್ಲಿ ಇಡೀ ಕಟ್ಟಡವನ್ನೇ ಮಾಡಿ ರೈಲಿನಲ್ಲೋ ಟ್ರಕ್ಕಿನಲ್ಲೋ ಸಾಗಿಸುತ್ತಿದ್ದರು. ಸಾಗಿಸಲು ಆಗಬೇಕಲ್ಲ, ಅದಕ್ಕೇ ಅವು ಅಷ್ಟು ಕಿರಿದು. ಅಂಥವೇ ನೋಡಬೇಕು ಅನ್ನುವವರು ನ್ಯೂಜೆರ್ಸಿಗೆ ಹೋಗಬೇಕು. ರೂಟ್ 66ರಲ್ಲಿ ಹೆಚ್ಚಾಗಿ ಇರುವುದು ಇಟ್ಟಿಗೆ ಕಟ್ಟಡದ ಕೆಫೆಗಳು, ಡೈನರ್ ಆಗಿ ಬದಲಾದ ಹಳೇ ಬಂಕ್‌ಗಳು. ಒಳಗಿನ ಉದ್ದ ಕೌಂಟರ್, ತಿರುಗುವ ಸ್ಟೂಲ್, ದಪ್ಪ ಪಿಂಗಾಣಿ ಕಪ್ಪು ಮಾತ್ರ ಎಲ್ಲ ಕಡೆ ಒಂದೇ.

ಒಳಗೆ ಹೋದ ತಕ್ಷಣ ಬಾಗಿಲ ಬಳಿಯ ಬೋರ್ಡ್ ಓದಿ. 'ಪ್ಲೀಸ್ ವೇಟ್ ಟು ಬಿ ಸೀಟೆಡ್' ಅಂತ ಇದ್ದರೆ ಅಲ್ಲೇ ನಿಲ್ಲಿ, ಅವರೇ ಬಂದು ಕರೆದೊಯ್ಯುತ್ತಾರೆ. 'ಸೀಟ್ ಯುವರ್‌ಸೆಲ್ಫ್' ಅಂತ ಇದ್ದರೆ ಬೇಕಾದಲ್ಲಿ ಕೂರಬಹುದು. ಮಕ್ಕಳು, ವಯಸ್ಸಾದವರು ಇದ್ದರೆ ಒರಗು ಬೆಂಚಿನ ಬೂತ್ ಸರಿ. ಇಬ್ಬರೋ ಮೂವರೋ ಇದ್ದರೆ ಒಮ್ಮೆಯಾದರೂ ಕೌಂಟರ್‌ನಲ್ಲಿ ಕೂರಿ. ಅಡುಗೆ ಅಲ್ಲೇ ಕಣ್ಣೆದುರಿಗೆ ನಡೆಯುತ್ತಿರುತ್ತದೆ.

ಒಕ್ಲಹೋಮಾದ ಒಂದು ಸಣ್ಣ ಊರಿನಲ್ಲಿ ನಾವು ಹಾಗೆ ಕೂತಿದ್ದೆವು. ಅಗಲ ಉಕ್ಕಿನ ಕಾವಲಿ, ಅದರ ಒಂದು ಮೂಲೆಯಲ್ಲಿ ಹ್ಯಾಶ್ ಬ್ರೌನ್ಸ್, ಅಂದರೆ ತುರಿದ ಆಲೂಗಡ್ಡೆ. ಅಡುಗೆಯವರು ಅದನ್ನು ತೆಳ್ಳಗೆ ಹರಡಿ, ಸುತ್ತ ಎಣ್ಣೆ ಬಿಟ್ಟು, ಕೈ ಹಾಕದೆ ಸುಮ್ನೆ ಬಿಟ್ಟರು. ಅಂಚು ಕಂದಾಗಿ ಚರಚರ ಸದ್ದು ಇಳಿದಮೇಲೆ ಅಗಲ ಸಟ್ಟುಗದಲ್ಲಿ ಒಂದೇ ಏಟಿಗೆ ಮಗುಚಿದರು. ಅಷ್ಟರಲ್ಲಿ ಇನ್ನೊಂದು ಕೈಯಲ್ಲಿ ಎರಡು ಮೊಟ್ಟೆ ಒಡೆದಾಗಿತ್ತು. ಎದುರಿಗೆ ತಂತಿಗೆ ಸಿಕ್ಕಿಸಿದ ಚೀಟಿಗಳ ಸಾಲು. ಅವರು ತಲೆ ಎತ್ತಿ ಒಮ್ಮೆ ನೋಡಿದರು, ಅಷ್ಟೇ. ಪಕ್ಕದ ಸ್ಟೂಲ್‌ನಲ್ಲಿದ್ದ ಊರಿನ ಹಿರಿಯರೊಬ್ಬರು ಮುಂದಿನ ಸೇತುವೆ ರಿಪೇರಿಯಲ್ಲಿದೆ, ಯಾವ ಅಡ್ಡರಸ್ತೆ ಹಿಡಿಯಬೇಕು ಅಂತ ಕೇಳದೆಯೇ ಹೇಳಿದರು. ಮ್ಯಾಪ್‌ನಲ್ಲಿ ಅದು ಇರಲಿಲ್ಲ.

ಆರ್ಡರ್ ಮಾಡುವಾಗ ಪ್ರಶ್ನೆಗಳು ಒಂದರ ಹಿಂದೆ ಒಂದು ಬರುತ್ತವೆ, ತಯಾರಾಗಿರಿ. ಮೊಟ್ಟೆ ಹೇಗೆ? 'ಸನ್ನಿ ಸೈಡ್ ಅಪ್' ಅಂದರೆ ಮಗುಚದೆ, ಹಳದಿ ಮೇಲೆ ಕಾಣುವಂತೆ. 'ಓವರ್ ಈಸಿ' ಅಂದರೆ ಮಗುಚಿದ್ದು, ಆದರೆ ಹಳದಿ ಇನ್ನೂ ನೀರಾಗಿರುತ್ತದೆ. ಹಸಿ ವಾಸನೆ ಆಗದವರು 'ಓವರ್ ಹಾರ್ಡ್' ಅಥವಾ 'ಸ್ಕ್ರ್ಯಾಂಬಲ್ಡ್, ವೆಲ್ ಡನ್' ಅನ್ನಿ. ಟೋಸ್ಟ್ ಯಾವುದು? ವೈಟ್, ವೀಟ್ (ಗೋಧಿಯದು), ರೈ (ಆ ಹೆಸರಿನ ಧಾನ್ಯದ್ದು), ಸೋರ್‌ಡೋ (ಹುಳಿ ಬಂದ ಹಿಟ್ಟಿನದು). ಹ್ಯಾಶ್ ಬ್ರೌನ್ಸ್ ಬೇಕೋ, ಹೋಮ್ ಫ್ರೈಸ್ ಬೇಕೋ? ಎರಡನೆಯದು ತುಂಡು ಆಲೂಗಡ್ಡೆ. ನನ್ನ ಮತ ಹ್ಯಾಶ್ ಬ್ರೌನ್ಸ್‌ಗೆ, ಅದೂ 'ಕ್ರಿಸ್ಪಿ' ಅಂತ ಹೇಳಿ.

ಕಾಫಿಗೆ ಒಮ್ಮೆ ದುಡ್ಡು ಕೊಟ್ಟರೆ ಸಾಮಾನ್ಯವಾಗಿ ಎಷ್ಟು ಸಲ ಬೇಕಾದರೂ ತುಂಬುತ್ತಾರೆ. ಸಾಕು ಅನ್ನಿಸಿದರೆ ಕಪ್ಪಿನ ಮೇಲೆ ಕೈ ಅಡ್ಡ ಹಿಡಿಯಿರಿ. ಕಿತ್ತಳೆ ಹಿಡಿಯ ಜಗ್ ಕಂಡರೆ ಅದು ಕೆಫೀನ್ ತೆಗೆದ ಕಾಫಿ. ಇನ್ನೂ ದೂರ ಡ್ರೈವ್ ಮಾಡುವವರು ಅದನ್ನು ಹಾಕಿಸಿಕೊಳ್ಳಬೇಡಿ.

ಈಗ ಸಸ್ಯಾಹಾರಿಗಳ ವಿಷಯ. ಇಲ್ಲಿ ಜಾಗ್ರತೆ ಬೇಕು. ಅಮ್ಮ ಮೊಟ್ಟೆಯನ್ನೂ ತಿನ್ನುವುದಿಲ್ಲ, ಆದ್ದರಿಂದ ಇದನ್ನು ದಿನಾ ವಿಚಾರಿಸಬೇಕಾಯಿತು. 'ವೆಜಿಟೇರಿಯನ್' ಅಂದರೆ ಅವರ ಲೆಕ್ಕದಲ್ಲಿ ಮೊಟ್ಟೆ ಸೇರುತ್ತದೆ. ಹಾಗಾಗಿ 'ನೋ ಮೀಟ್, ನೋ ಚಿಕನ್, ನೋ ಫಿಶ್, ನೋ ಎಗ್' ಅಂತ ಬಿಡಿಸಿ ಹೇಳಿ. ಪ್ಯಾನ್‌ಕೇಕ್, ವಾಫಲ್ ಹಿಟ್ಟಿಗೆ ಮೊಟ್ಟೆ ಬಿದ್ದೇ ಇರುತ್ತದೆ. ಬಿಸ್ಕಿಟ್ (ಅಲ್ಲಿ ಅದು ಮೆತ್ತನೆ ಬನ್ ಥರದ್ದು) ಮೇಲೆ ಸುರಿಯುವ ಬಿಳಿ ಗ್ರೇವಿಯಲ್ಲಿ ಸಾಮಾನ್ಯವಾಗಿ ಸಾಸೇಜ್ ಇರುತ್ತದೆ. ತರಕಾರಿ ಸೂಪ್ ಅಂತ ಇದ್ದರೂ ಅದು ಮಾಂಸದ ಸಾರಿನಲ್ಲಿ ಬೆಂದಿರಬಹುದು. ಬೀನ್ಸ್‌ಗೆ, ಪೈ ಹಿಟ್ಟಿಗೆ ಹಂದಿ ಕೊಬ್ಬು ಹಾಕುವ ಕಡೆಗಳೂ ಇವೆ. ಎಲ್ಲಕ್ಕಿಂತ ದೊಡ್ಡ ತೊಡಕು ಕಾವಲಿಯದು. ಬೇಕನ್, ಅಂದರೆ ಹಂದಿ ಮಾಂಸದ ತೆಳು ಪಟ್ಟಿ, ಹುರಿದ ಕಾವಲಿಯ ಮೇಲೇ ಆಲೂಗಡ್ಡೆಯೂ ಬೇಯುತ್ತದೆ. ಬೇರೆ ಬಾಣಲೆಯಲ್ಲಿ ಮಾಡಿಕೊಡುತ್ತೀರಾ ಅಂತ ಕೇಳಿ. ಜನ ಕಡಿಮೆ ಇದ್ದಾಗ ಬೇಸರವಿಲ್ಲದೆ ಮಾಡಿಕೊಟ್ಟರು. ಭಾನುವಾರ ಬೆಳಗ್ಗೆ ಹತ್ತಕ್ಕೆ ಮಾತ್ರ ಅದನ್ನು ನಿರೀಕ್ಷಿಸಬೇಡಿ. ಅಮ್ಮನಿಗೆ ಹೆಚ್ಚು ಒಗ್ಗಿದ್ದು ಓಟ್‌ಮೀಲ್, ಪೀನಟ್ ಬಟರ್ ಹಚ್ಚಿದ ಟೋಸ್ಟ್, ಹೆಚ್ಚಿದ ಹಣ್ಣು. ಕಾರಿನಲ್ಲಿ ಒಂದು ಡಬ್ಬಿ ಚಟ್ನಿಪುಡಿ ಇಟ್ಟುಕೊಂಡಿದ್ದರು, ಅದು ಟೋಸ್ಟ್‌ಗೂ ನಡೆಯಿತು.

ನ್ಯೂ ಮೆಕ್ಸಿಕೊ ತಲುಪಿದಮೇಲೆ ನಾಲಿಗೆಗೆ ಜೀವ ಬರುತ್ತದೆ. ಅಲ್ಲಿ ಬೆಳಗಿನ ತಿಂಡಿಗೂ ಮೆಣಸಿನಕಾಯಿ ಸಾಸ್ ಇದೆ. 'ರೆಡ್ ಆರ್ ಗ್ರೀನ್?' ಅಂತ ಕೇಳುತ್ತಾರೆ. ಅದು ಆ ರಾಜ್ಯದ ಅಧಿಕೃತ ಪ್ರಶ್ನೆಯೇ ಹೌದು. ಎರಡೂ ಬೇಕಿದ್ದರೆ 'ಕ್ರಿಸ್‌ಮಸ್' ಅನ್ನಿ. ಆದರೆ ಸಾಸ್‌ನಲ್ಲೂ ಮಾಂಸ ಬೆರೆತಿರಬಹುದು, ಕೇಳಿಕೊಂಡೇ ಹಾಕಿಸಿಕೊಳ್ಳಿ.

ಕೆಲವು ಜಾಗಗಳ ಹೆಸರು ಹೇಳುತ್ತೇನೆ. ಶಿಕಾಗೊದಲ್ಲಿ ಜ್ಯಾಕ್ಸನ್ ರಸ್ತೆಯ ಲೂ ಮಿಚೆಲ್ಸ್, 1923ರಿಂದ ಇರುವುದು, ದಾರಿ ಶುರುವಾಗುವ ಕಡೆಗೆ ಹತ್ತಿರ. ಕಾಯುವವರಿಗೆ ಬಾಗಿಲಲ್ಲೇ ಪುಟ್ಟ ಡೋನಟ್ ಕೊಡುವ ರೂಢಿ ಅಲ್ಲಿದೆ. ಟೆಕ್ಸಸ್‌ನ ಏಡ್ರಿಯನ್‌ನಲ್ಲಿ ಮಿಡ್‌ಪಾಯಿಂಟ್ ಕೆಫೆ. ಎದುರಿಗಿನ ಫಲಕದ ಪ್ರಕಾರ ಅಲ್ಲಿಂದ ಶಿಕಾಗೊಗೂ 1,139 ಮೈಲಿ, ಲಾಸ್ ಏಂಜಲೀಸ್‌ಗೂ 1,139 ಮೈಲಿ. ಅದು ಪೈಗೆ ಹೆಸರುವಾಸಿ. ಚಳಿಗಾಲದಲ್ಲಿ ಮುಚ್ಚುವುದುಂಟು, ಹೊರಡುವ ಮುಂಚೆ ಫೋನ್ ಮಾಡಿ. ಆಲ್ಬುಕರ್ಕಿಯ 66 ಡೈನರ್ ಹಿಂದೆ ಪೆಟ್ರೋಲ್ ಬಂಕ್ ಆಗಿದ್ದ ಜಾಗದಲ್ಲಿದೆ, ಮಿಲ್ಕ್‌ಶೇಕ್‌ಗೆ ಹೋಗಿ. ಅರಿಜೋನಾದ ಕಿಂಗ್‌ಮನ್‌ನಲ್ಲಿರುವ ಮಿಸ್ಟರ್ ಡೀಸ್‌ನಲ್ಲಿ ರೂಟ್ ಬಿಯರ್ ಫ್ಲೋಟ್, ಅಂದರೆ ಐಸ್‌ಕ್ರೀಮ್ ಹಾಕಿದ ಸಿಹಿ ಸೋಡಾ, ಕುಡಿಯಿರಿ. ಹೆಸರಿನಲ್ಲಿ ಬಿಯರ್ ಇದ್ದರೂ ಅದರಲ್ಲಿ ಮದ್ಯ ಇಲ್ಲ, ಮಕ್ಕಳಿಗೂ ಕೊಡಬಹುದು.

ತಟ್ಟೆ ದೊಡ್ಡದು. ಮೂವರಿಗೆ ಎರಡು ತಟ್ಟೆ ಸಾಕಾಗುತ್ತಿತ್ತು. ಮಿಕ್ಕಿದ್ದಕ್ಕೆ 'ಬಾಕ್ಸ್' ಕೇಳಿ, ಸಂಕೋಚ ಬೇಡ, ಎಲ್ಲರೂ ಒಯ್ಯುತ್ತಾರೆ.

ದುಡ್ಡಿನ ವಿಷಯ. ನಾವು ಹೋದಾಗ ಒಂದು ತಿಂಡಿ ತಟ್ಟೆ 12ರಿಂದ 16 ಡಾಲರ್ ಆಸುಪಾಸಿನಲ್ಲಿತ್ತು. ಮೆನುವಿನ ಬೆಲೆಗೆ ತೆರಿಗೆ ಸೇರಿರುವುದಿಲ್ಲ. ಟಿಪ್ಸ್ 15ರಿಂದ 20 ಶೇಕಡಾ. 30 ಡಾಲರ್ ಬಿಲ್ ಆದರೆ ಆರು ಡಾಲರ್ ಇಡಿ. ಇದರಲ್ಲಿ ದಯವಿಟ್ಟು ಕೈ ಬಿಗಿ ಹಿಡಿಯಬೇಡಿ. ಟಿಪ್ಸ್ ಪಡೆಯುವ ಕೆಲಸಗಾರರಿಗೆ ಕೇಂದ್ರ ಕಾನೂನಿನ ಪ್ರಕಾರ ಮಾಲೀಕರು ನೇರವಾಗಿ ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್. 1991ರಿಂದ ಅದು ಏರಿಲ್ಲ. ಕೆಲವು ರಾಜ್ಯಗಳಲ್ಲಿ ಹೆಚ್ಚಿದೆ, ಟೆಕ್ಸಸ್‌ನಲ್ಲಿ ಇಷ್ಟೇ. ಬೆಳಗ್ಗೆ ಐದಕ್ಕೆ ಎದ್ದು ಬಂದು ನಿಮ್ಮ ಕಪ್ಪು ನಾಲ್ಕು ಸಲ ತುಂಬಿದವರ ಮನೆ ನಡೆಯುವುದು ಈ ಟಿಪ್ಸ್‌ನಿಂದ. ಎಷ್ಟೋ ಕಡೆ ಬಿಲ್ ಕಟ್ಟುವುದು ಬಾಗಿಲ ಬಳಿಯ ಗಲ್ಲಾದಲ್ಲಿ, ಟಿಪ್ಸ್ ಬಿಡುವುದು ಟೇಬಲ್ ಮೇಲೆ. ಹಾಗಾಗಿ ಒಂದು, ಐದು ಡಾಲರ್ ನೋಟುಗಳು ಜೇಬಿನಲ್ಲಿರಲಿ. ಕಾರ್ಡ್ ತೆಗೆದುಕೊಳ್ಳದ ಸಣ್ಣ ಊರಿನ ಡೈನರ್‌ಗಳೂ ಸಿಗುತ್ತವೆ.

ಕೊನೆಯದಾಗಿ ಗಡಿಯಾರ. ಟೆಕ್ಸಸ್ ದಾಟಿ ನ್ಯೂ ಮೆಕ್ಸಿಕೊಗೆ ಬಂದರೆ ಗಂಟೆ ಒಂದು ಹಿಂದಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ಅರಿಜೋನಾಕ್ಕೆ ಹೊಕ್ಕರೆ ಇನ್ನೊಂದು ಗಂಟೆ ಹಿಂದಕ್ಕೆ. ಪಶ್ಚಿಮಕ್ಕೆ ಹೋಗುವವರಿಗೆ ಇದು ಲಾಭ. ಪೂರ್ವಕ್ಕೆ ಬರುವವರು ಮಾತ್ರ ಲೆಕ್ಕ ಹಾಕಿ ಹೊರಡಿ. ನ್ಯೂ ಮೆಕ್ಸಿಕೊದ ಟುಕುಮ್‌ಕೇರಿಯಿಂದ ಮಧ್ಯಾಹ್ನ ಹನ್ನೆರಡಕ್ಕೆ ಬಿಟ್ಟರೆ ಏಡ್ರಿಯನ್ ಒಂದು ಗಂಟೆಯ ದಾರಿ. ಆದರೆ ಅಲ್ಲಿ ಇಳಿಯುವಾಗ ಆಗಲೇ ಎರಡಾಗಿರುತ್ತದೆ. ಹತ್ತಕ್ಕೇ ಹೊರಟುಬಿಡಿ.